ಕಾಲುಸಂಕದ ಆಚೆಗಿನ ಮನೆ: ಇಎಂಟಿಯಾಗಿ ನನ್ನ ಮೊದಲ ಆರು ತಿಂಗಳು

ಮೊನ್ನೆ ನನ್ನ ಆರು ತಿಂಗಳ ಪ್ರೊಬೇಷನ್ ಮುಗಿಯಿತು. ತೀರ್ಥಹಳ್ಳಿ ಕಡೆಯ ಒಂದು ಆಂಬುಲೆನ್ಸ್‌ನಲ್ಲಿ ನಾನೀಗ ಇಎಂಟಿ, ಅಂದರೆ ಗಾಡಿಯಲ್ಲಿ ರೋಗಿಯನ್ನು ನೋಡಿಕೊಳ್ಳುವ ತುರ್ತು ವೈದ್ಯಕೀಯ ತಂತ್ರಜ್ಞೆ. ಜಿಎನ್‌ಎಂ ನರ್ಸಿಂಗ್ ಫಲಿತಾಂಶ ಬಂದ ದಿನದಿಂದ ಲೆಕ್ಕ ಹಾಕಿದರೆ ಹದಿನೈದು ತಿಂಗಳು ಆಯಿತು. ಅದರಲ್ಲಿ ಒಂಬತ್ತು ತಿಂಗಳು ಕಾಗದಪತ್ರ, ಕಾಯುವುದು, ತರಬೇತಿ ಇದರಲ್ಲೇ ಹೋಯಿತು.

ಜೂನಿಯರ್‌ಗಳು ಫೋನ್ ಮಾಡಿದರೆ ಮೊದಲು ಕೇಳುವುದು, "ಅಕ್ಕಾ, ರಕ್ತ ನೋಡಿದ್ರೆ ಹೆದರಿಕೆ ಆಗಲ್ವಾ?" ರಕ್ತಕ್ಕೆ ವಾರದಲ್ಲಿ ಕಣ್ಣು ಹೊಂದಿಕೊಳ್ಳುತ್ತದೆ. ನನ್ನನ್ನು ಕಷ್ಟಕ್ಕೆ ಹಾಕಿದ್ದು ಹೆಸರಿನ ಇನಿಷಿಯಲ್, ಆಮ್ಲಜನಕದ ಸಿಲಿಂಡರ್ ಲೆಕ್ಕ, ಮತ್ತೆ ರಸ್ತೆಯೇ ಇಲ್ಲದ ಮನೆಗಳು. ಇದನ್ನೆಲ್ಲ ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕೆಲಸ ಮಾಡುವ ಸಂಸ್ಥೆಯ ಹೆಸರು ಬರೆಯುವುದಿಲ್ಲ.

ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ನಾನು ಚಿಕ್ಕವಳಿದ್ದಾಗ ಯಾರಿಗಾದರೂ ಜೋರು ಕಾಯಿಲೆ ಆದರೆ ಕಂಬಳಿ ಜೋಲಿ ಕಟ್ಟಿ, ಗಳಕ್ಕೆ ಹಾಕಿ, ಟಾರ್ ರಸ್ತೆವರೆಗೆ ಹೊರುತ್ತಿದ್ದರು. ರಾಜ್ಯದಲ್ಲಿ 108 ಆರೋಗ್ಯ ಕವಚ ಶುರುವಾದದ್ದು 2008ರ ನವೆಂಬರ್‌ನಲ್ಲಿ. ಆಗ ನನಗೆ ಐದು ವರ್ಷ. ಅದಾಗಿ ಸ್ವಲ್ಪ ಕಾಲಕ್ಕೆ ಅಜ್ಜಿಗೆ ಎದೆನೋವು ಬಂತು. ಗಾಡಿ ಬಸ್‌ಸ್ಟಾಪಿನವರೆಗೆ ಬಂತು, ಮನೆಯಿಂದ ಅಲ್ಲಿಗೆ ಮತ್ತೆ ಜೋಲಿಯೇ. ಗಾಡಿಯಿಂದ ಇಳಿದ ಅಣ್ಣ ಒಬ್ಬರು ಅಜ್ಜಿಯ ಕೈ ಹಿಡಿದು, "ಅಮ್ಮಾ, ನಿಮ್ಮ ಹೆಸರೇನು?" ಅಂತ ಕೇಳಿದರು. ಅಷ್ಟು ಗಲಾಟೆಯಲ್ಲಿ ಅಜ್ಜಿಯ ಹೆಸರು ಕೇಳಿದ್ದು ಅವರೊಬ್ಬರೇ. ಅಜ್ಜಿ ಆ ಸಲ ಉಳಿದರು. ಈ ಕೆಲಸ ನನ್ನ ತಲೆಯಲ್ಲಿ ಕೂತದ್ದು ಅಲ್ಲಿಂದ.

ಈಗ ಕಾಗದದ ಕಥೆ. ಜಿಎನ್‌ಎಂ ಅಂದರೆ ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾ. ಇಎಂಟಿ ಆಗಲು ಇದೊಂದೇ ದಾರಿ ಅಂತೇನಿಲ್ಲ, ಪಿಯುಸಿ ಆದವರಿಗೆ ಇಎಂಟಿ ಬೇಸಿಕ್ ಅನ್ನುವ ಕೌಶಲ ಕೋರ್ಸ್ ಕೂಡ ಇದೆ. ಆದರೆ ನಾನು ಅರ್ಜಿ ಹಾಕಿದ ಕಡೆ ನರ್ಸಿಂಗ್ ಆದವರೇ ಬೇಕು ಅಂದಿದ್ದರು. ಯಾವ ಕೋರ್ಸಿಗಾದರೂ ದುಡ್ಡು ಕಟ್ಟುವ ಮೊದಲು, ಕೆಲಸಕ್ಕೆ ಸೇರಬೇಕು ಅಂತಿರುವ ಕಡೆ ಏನು ಕೇಳುತ್ತಾರೆ ಅಂತ ವಿಚಾರಿಸಿಕೊಳ್ಳಿ. ನನ್ನ ಊರಿನ ಹುಡುಗ ಒಬ್ಬ ಇದನ್ನು ಕೇಳದೆ ಒಂದು ವರ್ಷ ಕಳೆದುಕೊಂಡ.

ನರ್ಸಿಂಗ್ ಮುಗಿದ ಮೇಲೆ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಆ ನಂಬರ್ ಇಲ್ಲದೆ ಯಾರೂ ಒಳಗೆ ಬಿಡುವುದಿಲ್ಲ. ನಾನು ಸಿಕ್ಕಿಹಾಕಿಕೊಂಡದ್ದು ಇಲ್ಲೇ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಒಂದು ಇನಿಷಿಯಲ್ ಇದೆ, ಅಪ್ಪನದ್ದು. ಆಧಾರ್‌ನಲ್ಲಿ ಎರಡು, ಊರಿನದ್ದೂ ಸೇರಿ. ಪ್ಯಾನ್ ಕಾರ್ಡಿನಲ್ಲಿ ಅಪ್ಪನ ಹೆಸರು ಪೂರ್ತಿ ಬಂದಿದೆ. ಮೂರು ಕಡೆ ಮೂರು ಹುಡುಗಿಯರು! ಆಧಾರ್ ಸರಿ ಮಾಡಿಸಲು ಎರಡು ಸಲ ಹೋದೆ. ಮೊದಲ ಸಲ ಸರ್ವರ್ ಇರಲಿಲ್ಲ. ಆಮೇಲೆ ಪ್ಯಾನ್. ಆಮೇಲೆ ಸ್ಟಾಂಪ್ ಪೇಪರ್ ಮೇಲೆ ಅಫಿಡವಿಟ್, ನೋಟರಿ ಸಹಿ. ಅಷ್ಟರಲ್ಲಿ ಕಾಲೇಜಿನಿಂದ ಮೂಲ ಅಂಕಪಟ್ಟಿ ಬರಬೇಕಿತ್ತು, ಅದು ಇನ್ನೂ ಒಂದೂವರೆ ತಿಂಗಳು ತಡ. ಬೆಂಗಳೂರಿಗೆ ಎರಡು ಸಲ ಹೋಗಿಬಂದೆ. ಹಳ್ಳಿಯಿಂದ ಶಿವಮೊಗ್ಗಕ್ಕೆ ಬಸ್, ಅಲ್ಲಿಂದ ರೈಲು. ಎರಡನೇ ಸಲ ಅಪ್ಪ ಜೊತೆಗೆ ಬಂದರು. ಗೊರಬಲು ಅಡಿಕೆ ಸುಲಿಯುವ ಹೊತ್ತಿನಲ್ಲಿ ಎರಡು ದಿನ ಕೆಲಸ ಬಿಟ್ಟು ಬಂದಿದ್ದರು, ನನಗೆ ಅದೇ ಹೆಚ್ಚು ನೋವಾಯಿತು. ಓಡಾಟ, ಶುಲ್ಕ, ಜೆರಾಕ್ಸ್, ಊಟ ಎಲ್ಲ ಸೇರಿ ಸುಮಾರು 9,000 ರೂಪಾಯಿ ಮುಗಿಯಿತು. ನಾಲ್ಕು ತಿಂಗಳು ಹಿಡಿಯಿತು.

ನೀವು ಇನ್ನೂ ಓದುತ್ತಿದ್ದರೆ, ಇವತ್ತೇ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಪಕ್ಕದಲ್ಲಿ ಆಧಾರ್ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ. ಪೊಲೀಸ್ ಪರಿಶೀಲನೆ ಪತ್ರಕ್ಕೆ ಸೇವಾಸಿಂಧುವಿನಲ್ಲಿ ಅರ್ಜಿ ಹಾಕಬಹುದು, ಅದಕ್ಕೂ ಠಾಣೆಗೆ ಒಂದು ಸಲ ಹೋಗಬೇಕಾಯಿತು. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್, ಮೊದಲನೆಯದಾಗಿ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಸೂಜಿ, ರಕ್ತ ದಿನಾ ಮುಟ್ಟುವ ಕೆಲಸ ಇದು. ಕೆಲಸ ಸಿಕ್ಕ ಮೇಲೆ ಹಾಕಿಸಿದರಾಯಿತು ಅಂತ ಬಿಡಬೇಡಿ. ಓದುವಾಗ ಹಾಕಿಸಿಕೊಂಡಿದ್ದರೆ ಆ ಚೀಟಿ ಹುಡುಕಿಡಿ.

ಸಂದರ್ಶನ ಶಿವಮೊಗ್ಗದಲ್ಲಿ. ಬೆಳಿಗ್ಗೆ ಒಂಬತ್ತಕ್ಕೆ ಬನ್ನಿ ಅಂದಿದ್ದರು, ನನ್ನ ಸರದಿ ಬಂದಾಗ ಮಧ್ಯಾಹ್ನ ಮೂರೂವರೆ. ಊಟದ ಡಬ್ಬಿ ತೆಗೆದುಕೊಂಡು ಹೋಗಿ. ಬಿಪಿ ನೋಡಿಸಿದರು, ಗೊಂಬೆಯ ಮೇಲೆ ಸಿಪಿಆರ್, ಅಂದರೆ ಹೃದಯ ನಿಂತವರಿಗೆ ಎದೆ ಒತ್ತಿ ಉಸಿರು ಕೊಡುವುದು, ಮಾಡಿಸಿದರು. ಕೊನೆಗೆ ಒಬ್ಬರು ಕೇಳಿದರು: "ರಾತ್ರಿ ಎರಡು ಗಂಟೆ. ನಿಮ್ಮ ಊರಿಂದ ಶಿವಮೊಗ್ಗಕ್ಕೆ ರೋಗಿ ತರಬೇಕು. ಮರ ಬಿದ್ದು ರಸ್ತೆ ಬಂದ್. ಬೇರೆ ದಾರಿ ಹೇಳಿ." ನಾನು ರಿಪ್ಪನ್‌ಪೇಟೆ ದಾರಿ ಬಿಟ್ಟು ಇನ್ನೊಂದು ದಾರಿ ಹೇಳಿದೆ. ಅವರು ಅದಕ್ಕೇ ನಕ್ಕು ತಲೆಯಾಡಿಸಿದರು. ಆಮೇಲೆ ಏಳು ವಾರ ಸುದ್ದಿಯೇ ಇಲ್ಲ. ಫೋನ್ ಮಾಡಿದರೆ "ಬರತ್ತೆ, ಕಾಯಿರಿ". ನೆಟ್‌ವರ್ಕ್ ಸಿಗುವುದು ನಮ್ಮ ಮನೆ ಹಿಂದಿನ ಗುಡ್ಡದ ಮೇಲೆ ಮಾತ್ರ. ದಿನಾ ಸಂಜೆ ಅಲ್ಲಿ ಹೋಗಿ ನಿಲ್ಲುತ್ತಿದ್ದೆ. ಅರ್ಜಿಯಲ್ಲಿ ನೆಟ್‌ವರ್ಕ್ ಚೆನ್ನಾಗಿರುವ ನೆಂಟರ ನಂಬರ್ ಕೂಡ ಕೊಡಿ. ನನಗೆ ಕೊನೆಗೆ ಕರೆ ಬಂದದ್ದು ಅತ್ತೆ ಮನೆಯ ನಂಬರಿಗೇ.

ತರಬೇತಿ ಆರು ವಾರ. ಎದೆ ಒತ್ತುವುದು ನಿಮಿಷಕ್ಕೆ 100ರಿಂದ 120 ಸಲ, ಆಳ 5ರಿಂದ 6 ಸೆಂಟಿಮೀಟರ್, 30 ಒತ್ತಿಗೆ 2 ಉಸಿರು. ಇದು ಪುಸ್ತಕದಲ್ಲಿ ಒಂದು ಸಾಲು. ಮಾಡಲು ಹೋದರೆ ಎರಡು ನಿಮಿಷಕ್ಕೆ ಬೆನ್ನು ಹಿಡಿಯುತ್ತದೆ, ಅದಕ್ಕೇ ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು ಅನ್ನುತ್ತಾರೆ. ಆದರೆ ಓಡುವ ಗಾಡಿಯ ಹಿಂದೆ ನಾವು ಇರುವುದು ಒಬ್ಬರೇ. ನಾನು ಮನೆಯಲ್ಲಿ ಅಕ್ಕಿ ಮೂಟೆ ಮೇಲೆ ಒತ್ತಿ ಅಭ್ಯಾಸ ಮಾಡಿದೆ. ಅಮ್ಮ ಮೊದಲು ಬೈದರು, ಆಮೇಲೆ ಗಡಿಯಾರ ಹಿಡಿದು ಪಕ್ಕದಲ್ಲಿ ಕೂತರು.

ಕೆಲಸಕ್ಕೆ ಸೇರಿದ್ದು ಜೂನ್ ಮೊದಲ ವಾರ, ಮಳೆ ಹಿಡಿದ ದಿನಗಳಲ್ಲಿ. ಹನ್ನೆರಡು ಗಂಟೆಯ ಶಿಫ್ಟ್. ಗಾಡಿಯಲ್ಲಿ ಇಬ್ಬರೇ, ಹಿಂದೆ ಇಎಂಟಿ, ಮುಂದೆ ಪೈಲಟ್. ಡ್ರೈವರ್‌ಗೆ ನಮ್ಮಲ್ಲಿ ಪೈಲಟ್ ಅಂತಲೇ ಹೆಸರು. ನನ್ನ ಪೈಲಟ್ ಅಣ್ಣನಿಗೆ ಹನ್ನೊಂದು ವರ್ಷದ ಅನುಭವ. ಮೊದಲ ದಿನ ಅವರು ಹೇಳಿದ್ದು ಒಂದೇ ಮಾತು: "ತಂಗಿ, ಗಾಡಿ ಹತ್ತಿದ ಕೂಡಲೇ ಸಿಲಿಂಡರ್ ಮುಳ್ಳು ನೋಡು. ನಾನು ನೋಡಿದ್ದೀನಿ ಅಂದ್ರೂ ನೀನು ನೋಡು."

ಇದರ ಹಿಂದೆ ಲೆಕ್ಕ ಇದೆ. ಬಿ ಟೈಪ್ ಸಿಲಿಂಡರ್ ಪೂರ್ತಿ ತುಂಬಿದ್ದರೆ ಸುಮಾರು 1,500 ಲೀಟರ್ ಆಮ್ಲಜನಕ. ನಿಮಿಷಕ್ಕೆ 10 ಲೀಟರ್ ಬಿಟ್ಟರೆ ಎರಡೂವರೆ ಗಂಟೆ ಬರುತ್ತದೆ. ಮುಳ್ಳು ಅರ್ಧದಲ್ಲಿದ್ದರೆ ಒಂದೂಕಾಲು ಗಂಟೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ 60 ಕಿಲೋಮೀಟರ್. ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟಿ ಹೋಗಬೇಕು. ಆಗುಂಬೆ ಕಡೆಯಿಂದ ರೋಗಿ ತಂದರೆ ಅದಕ್ಕೂ ಮೊದಲು ಇನ್ನೊಂದು ಮೂವತ್ತು ಚಿಲ್ಲರೆ. ಜೋರು ಮಳೆಯಲ್ಲಿ, ಅಡ್ಡ ಬಿದ್ದ ಮರ, ರಸ್ತೆಗೆ ಬಂದ ಕಾಟಿ (ಕಾಡುಕೋಣ), ಕುಸಿದ ದರೆ ಎಲ್ಲ ನೋಡಿಕೊಂಡು ಹೋಗುವಾಗ ಒಂದೂಕಾಲು ಗಂಟೆ ಏನೇನೂ ಸಾಲದು. ನಗರದಲ್ಲಿ ಹದಿನೈದು ನಿಮಿಷದಲ್ಲಿ ಆಸ್ಪತ್ರೆ ಮುಟ್ಟುವವರಿಗೆ ಈ ಲೆಕ್ಕ ಬೇಡವಾಗಬಹುದು. ನಮಗೆ ಉಸಿರು ಇರುವುದೇ ಅದರ ಮೇಲೆ.

ಖರ್ಚಿನ ಮಾತೂ ಹೇಳಿಬಿಡುತ್ತೇನೆ. ಮೊದಲ ಸಂಬಳ ಕೈಗೆ ಬಂದದ್ದು ಸೇರಿದ 52ನೇ ದಿನ. ಅಲ್ಲಿಯವರೆಗೆ ರೂಮ್ ಬಾಡಿಗೆ, ಮುಂಗಡ, ಊಟ ಎಲ್ಲ ಅಪ್ಪನ ದುಡ್ಡು. ಎರಡು ತಿಂಗಳಿಗೆ ಸಾಕಾಗುವಷ್ಟು ಕೈಯಲ್ಲಿಟ್ಟುಕೊಂಡೇ ಬನ್ನಿ. ಯೂನಿಫಾರ್ಮ್ ಅವರು ಕೊಟ್ಟರು. ಉದ್ದ ಗಮ್‌ಬೂಟು, ತಲೆಗೆ ಕಟ್ಟುವ ಟಾರ್ಚ್, ಒಳ್ಳೆ ರೇನ್‌ಕೋಟ್ ನಾನೇ ಕೊಂಡೆ, 2,300 ಆಯಿತು. ಟಾರ್ಚಿಗೆ ಮಾತ್ರ ಕಡಿಮೆ ಬೆಲೆಯದ್ದು ನೋಡಬೇಡಿ. ಎರಡೂ ಕೈ ರೋಗಿಯ ಮೇಲಿರುವಾಗ ಬೆಳಕು ಹಣೆಯಿಂದಲೇ ಬರಬೇಕು.

ಈಗ ಆಗಸ್ಟ್‌ನ ಆ ಕೇಸ್.

ಅಡಿಕೆ ತೋಟಗಳಲ್ಲಿ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಸಮಯ. ಮಳೆ ಹೊಳವಾದ ಎರಡು ಗಂಟೆಯಲ್ಲಿ ಹೊಡೆದು ಮುಗಿಸುವ ಗಡಿಬಿಡಿ, ಮರವೆಲ್ಲ ಪಾಚಿ ಕಟ್ಟಿ ಜಾರು. ಮಧ್ಯಾಹ್ನ ಕರೆ ಬಂತು, ಅಡಿಕೆ ಮರ ಹತ್ತುವ ಕೊನೆಗಾರ ಮರದಿಂದ ಬಿದ್ದಿದ್ದಾನೆ. ಗಾಡಿ ಗದ್ದೆ ಅಂಚಿನಲ್ಲೇ ನಿಂತಿತು, ಮುಂದೆ ದಾರಿ ಇಲ್ಲ. ಬೆನ್ನು ಅಲ್ಲಾಡದ ಹಾಗೆ ಮಲಗಿಸುವ ಸ್ಪೈನ್ ಬೋರ್ಡ್, ಬ್ಯಾಗ್, ಸಿಲಿಂಡರ್ ಹೊತ್ತು, ಹಳ್ಳದ ಮೇಲಿನ ಕಾಲುಸಂಕ (ಕಾಲುಸೇತುವೆ) ದಾಟಿ ತೋಟಕ್ಕೆ ನಡೆದೆವು. ಕಾಲಿಗೆ ಉಂಬಳ (ಜಿಗಣೆ) ಹತ್ತುತ್ತಿತ್ತು, ಕೀಳಲು ಪುರಸೊತ್ತಿಲ್ಲ.

ಮೂವತ್ತರ ಆಸುಪಾಸಿನ ಗಂಡಸು, ಅಡಿಕೆ ಹಾಳೆ ಮೇಲೆ ಅಂಗಾತ ಮಲಗಿದ್ದ. ಎಚ್ಚರ ಇತ್ತು. ಕೈ ನೋಡಿದೆ, ಉಗುರು, ಬೆರಳ ತುದಿ ಎಲ್ಲ ನೀಲಿ. ನನ್ನ ಎದೆ ಧಸಕ್ಕೆಂದಿತು. ಆಮ್ಲಜನಕ ಕಡಿಮೆಯಾದರೆ ಉಗುರು ನೀಲಿಯಾಗುತ್ತದೆ ಅಂತ ತರಬೇತಿಯಲ್ಲಿ ಹತ್ತು ಸಲ ಹೇಳಿದ್ದರು. ಮಾಸ್ಕ್‌ಗೆ ಕೈ ಹಾಕಿದೆ. ಅಷ್ಟರಲ್ಲಿ ತೋಟದ ಯಜಮಾನರು, "ಅಮ್ಮಾ, ಅದು ಮೈಲುತುತ್ತ. ಬೆಳಿಗ್ಗೆಯಿಂದ ಕೈಯಲ್ಲೇ ಕಲಕಿದಾನೆ" ಅಂದರು. ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವುದು ನೀಲಿ ಬಣ್ಣದ ಮೈಲುತುತ್ತ, ಸುಣ್ಣ ಬೆರೆಸಿ ಅಲ್ವಾ. ತುಟಿ ಸರಿಸಿ ನೋಡಿದೆ, ನಾಲಿಗೆ ನೋಡಿದೆ. ಕೆಂಪಗಿತ್ತು. ಬೆರಳಿನ ಬಣ್ಣದಲ್ಲಿ ಆಕ್ಸಿಮೀಟರ್ ಸರಿ ತೋರಿಸುತ್ತದೋ ಇಲ್ಲವೋ ಅಂತ ಕಾಲಿನ ಬೆರಳು ಒರೆಸಿ ಹಾಕಿದೆ. 97 ತೋರಿಸಿತು. ಮಲೆನಾಡಿನಲ್ಲಿ ಮಳೆಗಾಲದ ಕೇಸ್ ನೋಡುವವರು ಇದೊಂದು ನೆನಪಿಟ್ಟುಕೊಳ್ಳಿ. ಕೈ ನೀಲಿ ಇದ್ದರೆ ತುಟಿ, ನಾಲಿಗೆ ನೋಡಿ.

ಅವನು ಕೇಳುತ್ತಿದ್ದದ್ದು ಒಂದೇ. "ಸಿಸ್ಟರ್, ನಂಗೆ ಕಾಲು ಇದ್ಯಾ?" ಹೆಬ್ಬೆರಳು ಆಡಿಸಿ ಅಂದೆ. ಬಲಗಾಲಿನದ್ದು ಆಡಿತು. ಎಡಗಾಲಿನದ್ದು ತಡವಾಗಿ, ಮಣ್ಣು ಮೆತ್ತಿದ್ದ ಬೆರಳು ಅಕ್ಕಿಕಾಳಿನಷ್ಟು ಅಲ್ಲಾಡಿತು. ಸೊಂಟ ಮುಟ್ಟಲು ಬಿಡುತ್ತಿರಲಿಲ್ಲ. ನಮ್ಮ ಹತ್ತಿರ ಇದ್ದ ಕುತ್ತಿಗೆ ಕಾಲರ್ ಅವನಿಗೆ ಸಡಿಲ. ಯಜಮಾನರ ಹೆಗಲ ಮೇಲಿನ ಟವೆಲ್, ಇನ್ನೊಬ್ಬರ ಕಂಬಳಿ ಸುರುಳಿ ಸುತ್ತಿ ತಲೆಯ ಎರಡೂ ಕಡೆ ಇಟ್ಟು ಬೋರ್ಡಿಗೆ ಸೇರಿಸಿ ಕಟ್ಟಿದೆ. ಮೈ ಮಗುಚುವಾಗ ತಲೆ ಹಿಡಿದವರೇ ಎಣಿಸಬೇಕು, ಉಳಿದವರು ಮೂರಕ್ಕೆ ಒಟ್ಟಿಗೆ ತಿರುಗಿಸಬೇಕು. ಅಲ್ಲಿದ್ದ ಐದು ಜನರಿಗೂ ಮೊದಲು ಒಂದು ಸಲ ಬಾಯಲ್ಲಿ ಹೇಳಿ, ಆಮೇಲೆ ಎಣಿಸಿದೆ. "ಈ ಹುಡುಗಿ ಎತ್ತುತ್ತಾಳಾ?" ಅಂತ ಹಿಂದೆ ಯಾರೋ ಅಂದದ್ದು ಕೇಳಿಸಿತು. ಎತ್ತಿದೆವು.

ಸಂಕದ ಹತ್ತಿರ ಬಂದರೆ ಅದರ ಅಗಲ ಒಬ್ಬರಿಗೆ ಮಾತ್ರ. ಕೆಳಗೆ ಹಳ್ಳ ಕೆಂಪಗೆ ಹರಿಯುತ್ತಿದೆ. ಬೋರ್ಡ್ ಹಿಡಿದು ಅದರ ಮೇಲೆ ಹೋಗುವುದು ಹೇಗೆ ಅಂತ ನನಗೆ ತಿಳಿಯಲಿಲ್ಲ, ಯಾವ ತರಬೇತಿಯಲ್ಲೂ ಸಂಕ ಇರಲಿಲ್ಲ. ಯಜಮಾನರೇ ಹೇಳಿದರು, "ಇಬ್ಬರು ಮೇಲೆ ಹಿಡ್ಕೊಳ್ಳಿ. ನಾಲ್ಕು ಜನ ನೀರಿಗೆ ಇಳೀರಿ, ಕೆಳಗಿಂದ ಕೈ ಕೊಡಿ." ಸೊಂಟದವರೆಗಿನ ನೀರಲ್ಲಿ ನಿಂತು ಅವರು ಬೋರ್ಡನ್ನು ಕೈಯಿಂದ ಕೈಗೆ ಮುಂದೆ ದಾಟಿಸಿದರು. ಮತ್ತೆ ಮಳೆ ಶುರುವಾಯಿತು. ಹದಿನಾಲ್ಕು ವರ್ಷದ ಒಬ್ಬ ಹುಡುಗ ಅಡಿಕೆ ಹಾಳೆ ತಂದು ರೋಗಿಯ ಮುಖಕ್ಕೆ ಅಡ್ಡ ಹಿಡಿದು ಗಾಡಿವರೆಗೂ ಬಂದ. ಹುಡುಗನ ಮೈ ಪೂರ್ತಿ ನೆನೆದಿತ್ತು.

ಶಿವಮೊಗ್ಗದವರೆಗೆ ಹತ್ತು ನಿಮಿಷಕ್ಕೊಮ್ಮೆ ಹೆಬ್ಬೆರಳು ಆಡಿಸಲು ಹೇಳಿದೆ. ಗಾಜನೂರು ಹತ್ತಿರ ಅವನೇ, "ಸಿಸ್ಟರ್, ಈಗ ಆಡಿಸ್ಲಾ?" ಅಂತ ಕೇಳಿದ. ಸೊಂಟದ ಮೂಳೆ ಮುರಿದಿತ್ತು, ಬೆನ್ನುಹುರಿಗೆ ಏನೂ ಆಗಿರಲಿಲ್ಲ. ದೀಪಾವಳಿ ಹೊತ್ತಿಗೆ ಕೋಲು ಹಿಡಿದು ನಡೆಯುತ್ತಿದ್ದ ಅಂತ ಯಜಮಾನರು ಪೈಲಟ್ ಅಣ್ಣನಿಗೆ ಫೋನಿನಲ್ಲಿ ಹೇಳಿದರಂತೆ.

ಅವತ್ತು ಗೊತ್ತಾದ ಇನ್ನೊಂದು ವಿಷಯ, ರೋಗಿಯನ್ನು ಆಸ್ಪತ್ರೆಗೆ ಮುಟ್ಟಿಸಿದರೆ ಕೆಲಸ ಮುಗಿಯುವುದಿಲ್ಲ. ಅಲ್ಲಿ ಎಕ್ಸ್‌ರೇ ಆಗುವವರೆಗೆ ಅವನನ್ನು ಬೋರ್ಡಿನಿಂದ ಇಳಿಸಲಿಲ್ಲ, ಬೋರ್ಡ್ ಇಲ್ಲದೆ ನಾವು ಹೊರಡುವಂತಿಲ್ಲ. ಒಂದು ಗಂಟೆ ನಲವತ್ತು ನಿಮಿಷ ಕಾರಿಡಾರ್‌ನಲ್ಲಿ ನಿಂತೆವು. ಅಷ್ಟು ಹೊತ್ತು ನಮ್ಮ ಕಡೆಯ ಹಳ್ಳಿಗಳಿಗೆ ಗಾಡಿ ಇಲ್ಲ ಅನ್ನುವುದು ತಲೆ ತಿನ್ನುತ್ತದೆ. ಈಗ ನಾವು ದಾರಿಯಿಂದಲೇ ಫೋನ್ ಮಾಡಿ ಏನು ಕೇಸ್, ಎಷ್ಟು ಹೊತ್ತಿಗೆ ಬರುತ್ತೇವೆ ಅಂತ ಹೇಳಿಬಿಡುತ್ತೇವೆ. ಸ್ವಲ್ಪ ಬೇಗ ಆಗುತ್ತದೆ.

ಸೆಪ್ಟೆಂಬರ್‌ನಲ್ಲಿ ಮೊದಲ ಸಾವು. ಆಗುಂಬೆ ಕಡೆಯ ಅಜ್ಜ, ದಾರಿಯಲ್ಲೇ ಹೃದಯ ನಿಂತಿತು. ಆಸ್ಪತ್ರೆ ಬಾಗಿಲವರೆಗೂ ಒತ್ತಿದೆ, ಉಳಿಯಲಿಲ್ಲ. ಅದನ್ನು ಜಾಸ್ತಿ ಬರೆಯಲು ಆಗುವುದಿಲ್ಲ. ಬೆಳಿಗ್ಗೆ ರೂಮಿಗೆ ಬಂದು ಯೂನಿಫಾರ್ಮ್ ಒಗೆಯಲು ತೆಗೆದರೆ ಜೇಬಿನಲ್ಲಿ ಅವರ ಕನ್ನಡಕ ಇತ್ತು. ಮಾಸ್ಕ್ ಹಾಕುವಾಗ ತೆಗೆದು ಜೇಬಿಗೆ ಹಾಕಿಕೊಂಡವಳು ಮರೆತೇಬಿಟ್ಟಿದ್ದೆ. ಒಂದು ಕಡೆ ಕಡ್ಡಿಗೆ ನೂಲು ಸುತ್ತಿತ್ತು. ರಜೆಯ ದಿನ ಬಸ್ ಹತ್ತಿ ಅವರ ಮನೆ ಹುಡುಕಿಕೊಂಡು ಹೋಗಿ ಕೊಟ್ಟೆ. ಆ ಮನೆಯ ಅಜ್ಜಿ ಅದನ್ನು ಸೆರಗಿನಲ್ಲಿ ಒರೆಸಿ ದೇವರ ಗೂಡಿನಲ್ಲಿಟ್ಟರು. ನನಗೆ ಕಾಫಿ ಮಾಡಿಕೊಟ್ಟರು. ಅವತ್ತಿನಿಂದ ಗಾಡಿಯಲ್ಲಿ ಜಿಪ್ ಕವರ್ ಇಟ್ಟುಕೊಂಡಿದ್ದೇನೆ. ಕನ್ನಡಕ, ಉಂಗುರ, ಫೋನ್, ದುಡ್ಡು ಏನೇ ತೆಗೆದರೂ ಅದರಲ್ಲಿ ಹಾಕಿ, ಕೇಸ್ ಫಾರಂನಲ್ಲಿ ಬರೆದು, ಮನೆಯವರ ಸಹಿ ಹಾಕಿಸುತ್ತೇನೆ. ನೀವೂ ಮೊದಲ ದಿನದಿಂದ ಹಾಗೇ ಮಾಡಿ.

ಆ ವಾರ ಕೆಲಸ ಬಿಡೋಣ ಅನ್ನಿಸಿತ್ತು. ಅಮ್ಮನಿಗೆ ಹೇಳಲಿಲ್ಲ. ಪೈಲಟ್ ಅಣ್ಣನಿಗೆ ಹೇಳಿದೆ. ಅವರು ಸಮಾಧಾನದ ಮಾತು ಏನೂ ಆಡಲಿಲ್ಲ, ತಮ್ಮ ಮೊದಲ ಸಾವಿನ ಕಥೆ ಹೇಳಿದರು. ದಿನ, ಊರು, ಮನೆ ಎಲ್ಲ ನೆನಪಿತ್ತು ಅವರಿಗೆ. ಹಿರಿಯರು ಒಬ್ಬರಿಗಾದರೂ ಹೇಳಿಕೊಳ್ಳಿ. ಒಳಗೇ ಇಟ್ಟುಕೊಂಡರೆ ನಿದ್ದೆ ಬರುವುದಿಲ್ಲ.

ಹಾವು ಕಡಿತದ ಕೇಸ್ ಇಲ್ಲಿ ತುಂಬಾ. ಬಿಗಿಯಾಗಿ ಹಗ್ಗ ಕಟ್ಟಿರುತ್ತಾರೆ, ಬ್ಲೇಡಲ್ಲಿ ಕೊಯ್ದಿರುತ್ತಾರೆ. ಎರಡೂ ಕೆಡುಕೇ. ಕೈಕಾಲು ಅಲ್ಲಾಡದ ಹಾಗೆ ಇಟ್ಟು, ಉಂಗುರ, ಕಾಲುಂಗುರ, ಬಳೆ ಬಿಚ್ಚಿಸಿ, ಕಡಿದ ಸಮಯ ಕೇಳಿ ಬರೆದುಕೊಳ್ಳಿ. 2024ರಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಮಾಡಿದೆ, ಅಲ್ಲಿ ಮೊದಲು ಕೇಳುವುದು ಇದನ್ನೇ. ನಾಟಿ ಔಷಧಿಗೆ ಹೋಗೋಣ ಅನ್ನುವವರ ಜೊತೆ ಜಗಳ ಬೇಡ. "ಮೊದಲು ಆಸ್ಪತ್ರೆಗೆ ಹೋಗಿ ಬರೋಣ ಅಮ್ಮಾ" ಅಂತ ಮೆಲ್ಲಗೆ ಹೇಳಿದರೆ ಹೆಚ್ಚಿನವರು ಬರುತ್ತಾರೆ.

ರಸ್ತೆ ಅಪಘಾತದಲ್ಲಿ ಜನ ಸುತ್ತ ನಿಂತಿರುತ್ತಾರೆ, ಮುಟ್ಟುವುದಿಲ್ಲ. ಪೊಲೀಸ್, ಕೋರ್ಟು ಅಂತ ಭಯ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಮು ಒಳ್ಳೆ ಮನಸ್ಸಿನಿಂದ ಸಹಾಯ ಮಾಡಿದವರನ್ನು ಕಾಯುತ್ತದೆ. ನಿಮ್ಮ ಹೆಸರು ಹೇಳಲೇಬೇಕು ಅಂತಿಲ್ಲ ಅಂದರೆ ಸಾಕು, ಇಬ್ಬರು ಮುಂದೆ ಬಂದು ಕೈ ಕೊಡುತ್ತಾರೆ.

ಅಕ್ಟೋಬರ್‌ನಲ್ಲಿ ಮಂಡಗದ್ದೆ ದಾಟಿದ ಮೇಲೆ ಗಾಡಿಯಲ್ಲೇ ಒಂದು ಹೆರಿಗೆ ಆಯಿತು. ಹೆಣ್ಣು ಮಗು. ಒರೆಸಿ, ಅಮ್ಮನ ಎದೆ ಮೇಲೆ ಮಲಗಿಸಿ, ಇಬ್ಬರಿಗೂ ಸೇರಿಸಿ ಕಂಬಳಿ ಹೊದೆಸಿದೆ. ಪೈಲಟ್ ಅಣ್ಣ ಗಾಡಿ ಪಕ್ಕಕ್ಕೆ ನಿಲ್ಲಿಸಿ, ಹೊರಗೆ ಬೆನ್ನು ತಿರುಗಿಸಿ ನಿಂತು, "ಅತ್ತಿತಾ? ಅತ್ತಿತಾ?" ಅಂತ ಕೇಳುತ್ತಲೇ ಇದ್ದರು. ಅತ್ತಿತು.

ನಮ್ಮ ಕಾಲೇಜಿನ ಇಬ್ಬರು ಜೂನಿಯರ್‌ಗಳು ಈ ಸಲ ಅರ್ಜಿ ಹಾಕುತ್ತಿದ್ದಾರೆ. ಭಾನುವಾರ ನನ್ನ ರೂಮಿಗೆ ಬಂದಿದ್ದರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ. ಒಬ್ಬಳದ್ದು ಸರಿ ಇದೆ. ಇನ್ನೊಬ್ಬಳದ್ದು ಒಂದು ಕಡೆ ಅಪ್ಪನ ಇನಿಷಿಯಲ್ ಹೆಸರಿನ ಮುಂದಿದೆ, ಇನ್ನೊಂದು ಕಡೆ ಹಿಂದಿದೆ. ಗುರುವಾರ ನನಗೆ ರಜೆ. ಅವಳನ್ನು ಕರೆದುಕೊಂಡು ಆಧಾರ್ ಕೇಂದ್ರಕ್ಕೆ ಹೋಗುತ್ತೇನೆ, ಬೆಳಿಗ್ಗೆ ಬೇಗ.